ಹಿತ್ತಲ ಬಾಗಿಲ ಹಸಿವು

ಪ್ರಣತಿ ತನ್ನ ಹಸಿವನ್ನು ಮನೆಯಿಂದ ಆಚೆ ಹಾಕಿದ್ದಾಳೆ ಎನ್ನುವುದು ನನಗೆ ಗೊತ್ತಾದದ್ದು ಅವಳ ಸ್ಕೂಲಿನ ಲಂಗದಿಂದ. ನಾನು ಅವಳ ಸೋದರತ್ತೆ, ಅವಳಪ್ಪ ಪುಟ್ಟರಾಜುವಿನ ಅಕ್ಕ. ಅವರ ಮನೆಯ ಎದುರಿಗೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳೆಯುವ ವಯಸ್ಸಿನ ಹುಡುಗಿಯರ ಬಟ್ಟೆ ನನ್ನ ಹತ್ತಿರ ಬಂದರೆ ಹೊಲಿಗೆ ಬಿಚ್ಚಿ ಅಗಲ ಮಾಡುವುದಕ್ಕೆ ಬರುತ್ತದೆ. ಇವಳದು ಮಾತ್ರ ಒಳಗೆ ಹಿಡಿಯುವುದಕ್ಕೆ ಬರುತ್ತಿತ್ತು. ಒಮ್ಮೆ ಹಿಡಿದುಕೊಟ್ಟೆ. ಮತ್ತೆ ತಂದಳು. ಮತ್ತೂ ಒಮ್ಮೆ ತಂದಾಗ ಕನ್ನಡಕದ ಮೇಲಿಂದ ನೋಡಿ, "ಏನೇ ಇದು, ಲಂಗ ಹಿಗ್ತಾ ಇದ್ಯೋ, ನೀನು ಕರಗ್ತಾ ಇದೀಯೋ?" ಎಂದೆ. ಅವಳು ಲಂಗವನ್ನು ಮೇಜಿನ ಮೇಲಿಟ್ಟು ಬೀದಿಗೆ ಬೆನ್ನು ತಿರುಗಿಸಿದಳು. ಆಗ ಬೀದಿಯ ಆಚೆ ಬದಿಯಲ್ಲಿ, ಅವರ ಮನೆಯ ಮುಚ್ಚಿದ ಬಾಗಿಲಿನ ಮುಂದೆ ಅವಳ ಹಸಿವು ನಿಂತಿರುವುದು ಕಾಣಿಸಿತು. ಬರುವಾಗ ಅವಳೇ ಚಿಲಕ ಎಳೆದು ಬಂದಿದ್ದಳು.

ಊಟದ ಹೊತ್ತಿಗೆ ನಮ್ಮೂರಿನ ಹಸಿವುಗಳು ಕೆರೆ ಏರಿ ಇಳಿದು ಸಾಲಾಗಿ ಬರುತ್ತವೆ. ಒಬ್ಬೊಬ್ಬರದು ಒಂದೊಂದು. ತಮ್ಮ ತಮ್ಮ ಮನೆಯ ಬಾಗಿಲು ಕೆರೆದು, ಒಳಗೆ ಬಂದು, ತಮ್ಮವರ ಕಾಲಬುಡದಲ್ಲಿ ಕೂರುತ್ತವೆ. ನಾವು ಉಂಡರೆ ಅವಕ್ಕೆ ತುಂಬುತ್ತದೆ. ತುಂಬಿದ ಮೇಲೆ ಎದ್ದು ಹೋಗಿ ಕೆರೆಯ ಪಕ್ಕದ ಹೊಂಗೆ ಮರಗಳ ಕೆಳಗೆ ಮಲಗುತ್ತವೆ. ಪುಟ್ಟರಾಜುವಿನದು ಕಂದು ಬಣ್ಣದ ನಾಯಿ, ಊಟ ತಡವಾದರೆ ಅವನ ಲುಂಗಿ ಹಿಡಿದು ಎಳೆಯುತ್ತದೆ. ನನ್ನದು ಕೋಳಿ. ನಾನಿನ್ನೂ ಒಲೆ ಹಚ್ಚುವ ಮೊದಲೇ ಬಂದು ಹೊಲಿಗೆ ಯಂತ್ರದ ಮೇಲೆ ಕುಳಿತು ನನ್ನ ಮುಖ ನೋಡುತ್ತದೆ. ಅದಕ್ಕೆ ನಾಚಿಕೆ ಎನ್ನುವುದು ಹುಟ್ಟಿನಿಂದಲೂ ಇಲ್ಲ.

ಮದುವೆಯಾದ ಹೆಂಗಸರ ಹಸಿವು ಮಾತ್ರ ಹಿತ್ತಲ ಬಾಗಿಲಿಗೆ ಬರಬೇಕು. ಎಲ್ಲರದೂ ಮುಗಿದು, ಎಂಜಲೆಲೆ ತೆಗೆದು, ಅಡುಗೆಮನೆಯ ಮೂಲೆಯಲ್ಲಿ ನಿಂತೋ ಕೂತೋ ಅವರು ಅದನ್ನು ಸಂಭಾಳಿಸುತ್ತಾರೆ. ಯಾರು ಮಾಡಿದ ಪದ್ಧತಿಯೋ ನನಗೆ ಗೊತ್ತಿಲ್ಲ. ಗಂಡನ ಮನೆ ಬಿಟ್ಟು ಬಂದ ದಿನವೇ ನಾನು ನನ್ನ ಕೋಳಿಗೆ ಮುಂಬಾಗಿಲು ತೋರಿಸಿದೆ. ಅದಕ್ಕೇ ಊರು ನನ್ನನ್ನು ಜೋರು ಹೆಂಗಸು ಎನ್ನುತ್ತದೆ. ನನ್ನ ತಮ್ಮನ ಹೆಂಡತಿ ಹೇಮಾವತಿ ಜೋರಲ್ಲ. ಅವಳ ಹಸಿವನ್ನು ನಾವು ಯಾರೂ ಕಂಡೇ ಇರಲಿಲ್ಲ. ಕೇಳಿದರೆ, "ನಂದೇನು ಬಿಡಿ ಅತ್ತಿಗೆ, ಗುಬ್ಬಿ. ಎರಡು ಅಗುಳು ಹಾಕಿದ್ರೆ ಹಾರಿಹೋಗುತ್ತೆ" ಎನ್ನುತ್ತಿದ್ದಳು. ನಾವೂ ನಂಬಿದ್ದೆವು.

ಇನ್ನು ಪ್ರಣತಿಯದು ಎಮ್ಮೆಕರು. ಅವಳ ಚಿಕ್ಕಂದಿನಲ್ಲಿ ಅದಕ್ಕೆ ಬರೀ ಕಿವಿಯೇ ಇದ್ದ ಹಾಗಿತ್ತು, ಅಷ್ಟು ಪುಟ್ಟದು. ಅವಳು ಹೈಸ್ಕೂಲಿಗೆ ಬರುತ್ತಿದ್ದಂತೆ ಕರುವೂ ಇದ್ದಕ್ಕಿದ್ದಂತೆ ಎತ್ತರವಾಯಿತು. ಆ ವಯಸ್ಸಿನಲ್ಲಿ ಎಲ್ಲರ ಹಸಿವೂ ಹಾಗೆಯೇ, ಮೈ ಬೆಳೆಯಬೇಕಲ್ಲ. ಆದರೆ ತಾನು ಬೆಳೆದಿದ್ದೇನೆಂದು ಕರುವಿಗೆ ಗೊತ್ತಿರಲಿಲ್ಲ, ಮೊದಲಿನ ಹಾಗೇ ಕುಣಿದುಕೊಂಡು ಬರುತ್ತಿತ್ತು. ಹಾಗೆ ಬಂದು ಒಂದು ಮದುವೆಮನೆಯಲ್ಲಿ ಪಂಕ್ತಿಗೆ ಎಲೆ ಹಾಕುವ ಮೊದಲೇ ನುಗ್ಗಿ ಪಾಯಸದ ಕೊಳಗಕ್ಕೆ ಮೂತಿ ಇಟ್ಟುಬಿಟ್ಟಿತು. ಚಪ್ಪರದಡಿ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಗಂಡಿನ ಕಡೆಯ ಹಿರಿಯರೊಬ್ಬರು ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು, "ಈ ಹುಡುಗೀನ ಕಟ್ಕೊಳ್ಳೋನು ಮನೆ ಕಟ್ಟಿಸೋಕ್ ಮುಂಚೆ ಕೊಟ್ಟಿಗೆ ಕಟ್ಟಿಸ್ಬೇಕಪ್ಪ" ಎಂದರು. ಪ್ರಣತಿಯೂ ನಕ್ಕಳು. ಎಲ್ಲರಿಗಿಂತ ಜೋರಾಗಿಯೇ ನಕ್ಕಳು. ಅದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಹುಡುಗಿಯರ ಮನಸ್ಸಿನಲ್ಲಿ ಏನೇನು ಕೂಡಿಕೊಂಡಿರುತ್ತದೋ. ಆದರೆ ಮರುದಿನದಿಂದ ಕರು ಬರುವ ಹೊತ್ತಿಗೆ ಬಾಗಿಲಿಗೆ ಚಿಲಕ ಬೀಳತೊಡಗಿತು.

ಮೊದಮೊದಲು ಮನೆಯವರಿಗೆ ಹೆಮ್ಮೆಯೇ ಆಯಿತು. ಹುಡುಗಿ ತಾನೇ ಅಡುಗೆಮನೆಗೆ ನುಗ್ಗಿ ಒಬ್ಬಟ್ಟು ತಟ್ಟುತ್ತಿದ್ದಳು, ಎಲ್ಲರಿಗೂ ಒತ್ತಾಯ ಮಾಡಿ ಬಡಿಸುತ್ತಿದ್ದಳು. "ನೀನು?" ಎಂದರೆ, "ಆಮೇಲೆ" ಎನ್ನುತ್ತಿದ್ದಳು. ಆ ಆಮೇಲೆ ಎನ್ನುವುದು ಬರುತ್ತಲೇ ಇರಲಿಲ್ಲ. ಬಿರುಬೇಸಗೆಯಲ್ಲೂ ಅವಳ ಬೆರಳು ತಣ್ಣಗಿರುತ್ತಿದ್ದವು. ಬಾಚಣಿಗೆಯ ತುಂಬ ಕೂದಲು. ಅಪ್ಪ ಗದರಿದರೆ ಅವಳೂ ಗದರುತ್ತಿದ್ದಳು, ಅಮ್ಮ ಅತ್ತರೆ ಅವಳೂ ಅಳುತ್ತಿದ್ದಳು, ಎರಡರಲ್ಲೂ ತಟ್ಟೆ ಹಾಗೇ ಉಳಿಯುತ್ತಿತ್ತು. ಕರು ಬಾಗಿಲಿಗೆ ಹಣೆ ಒತ್ತಿ ನಿಂತೂ ನಿಂತೂ ಕೊನೆಗೆ ಬೀದಿಗೆ ಇಳಿಯಿತು.

ಇಲ್ಲಿಯೇ ನಮ್ಮೂರು ಎಡವಿದ್ದು. ಯಾರದೋ ಹಸಿವು ಅಂಗಡಿ ಮುಂದೆ ನಿಂತು ಕಣ್ಣರಳಿಸಿದರೆ ನಮ್ಮವರ ಕರುಳು ಚುರ್ ಎನ್ನುತ್ತದೆ. ಕಡ್ಲೆಪುರಿ ಮಾರುವ ಜವರಮ್ಮ ಒಂದು ಮೊರ ಪುರಿ ಹಾಕಿದಳು. ಹೋಟೆಲಿನವರು ಇಡ್ಲಿ ಹಾಕಿದರು. ನಾನೇನು ಕಮ್ಮಿ, ಬೆಲ್ಲದಚ್ಚು ಕೊಟ್ಟೆ. ಕರುವಿಗೆ ಹಾಕಿದ್ದು ಹೇಗೋ ಹುಡುಗಿಗೆ ಸೇರೀತು ಎಂದು ನಾವೆಲ್ಲ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆವು. ಸೇರಿದ್ದು ಕರುವಿನ ಪಕ್ಕೆಗೆ. ಎಷ್ಟು ತಿಂದರೂ ಅದಕ್ಕೆ ತುಂಬುತ್ತಿರಲಿಲ್ಲ. ಊದಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಸಂತೆಯ ತರಕಾರಿ ಬುಟ್ಟಿಗಳಿಗೆ ಮೂತಿ ಹಾಕುತ್ತಾ ತಿರುಗಿತು. ಕಿಟಕಿಯ ಸಂದಿಯಿಂದ ಅದನ್ನು ನೋಡಿದ ಪ್ರಣತಿ ಚಿಲಕದ ಜೊತೆಗೆ ಅಗುಳಿಯನ್ನೂ ಹಾಕಿಕೊಂಡಳು.

ಪ್ರಾರ್ಥನೆಗೆ ನಿಂತಿದ್ದಾಗ ಅವಳು ಸ್ಕೂಲಿನಲ್ಲಿ ಕುಸಿದು ಬಿದ್ದ ಮೇಲೆ ನಮಗೆ ಬುದ್ಧಿ ಬಂತು. ಆಸ್ಪತ್ರೆಯ ಡಾಕ್ಟರು ನಾಡಿ ಹಿಡಿದು ನೋಡಿ, ಎದೆಬಡಿತ ತೀರಾ ನಿಧಾನವಾಗಿದೆ, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದು ಪುಟ್ಟರಾಜುವಿಗೆ ನೇರವಾಗಿಯೇ ಹೇಳಿದರು. ಕೆಲವು ದಿನ ಅಲ್ಲೇ ಮಲಗಿಸಿಕೊಂಡು, ಸ್ವಲ್ಪ ಚೇತರಿಸಿಕೊಂಡ ಮೇಲೆ ಮಹಡಿಯ ಮೇಲಿನ ಕೋಣೆಗೆ ಕಳಿಸಿದರು. ಅಲ್ಲಿ ಮುಬೀನಾ ಮೇಡಂ ಕೂರುತ್ತಿದ್ದರು. ಇಂಥ ಹುಡುಗಿಯರ ಮನಸ್ಸಿಗೆ ಚಿಕಿತ್ಸೆ ಕೊಡುವುದನ್ನೇ ಓದಿಕೊಂಡು ಬಂದವರು, ಪರವೂರಿನವರು. ಅವರ ಹಸಿವು ಬಾಗಿಲಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ನಾನು ಸುಮ್ಮನಿರಲಾರದೆ ಕೇಳಿದೆ, "ನಿಮ್ಮದು ಎಲ್ಲಿರುತ್ತೆ ಮೇಡಂ?"

"ಹೊಟ್ಟೆಯೊಳಗೆ" ಎಂದರು.

"ಒಳಗಾ? ಹಿಡಿಸುತ್ತಾ?"

"ಕೆಲವು ಸಲ ಒದೆಯುತ್ತೆ" ಎಂದು ನಕ್ಕರು. ಹೇಮಾವತಿ ಅವರನ್ನು ಬಸುರಿಯನ್ನು ನೋಡುವ ಹಾಗೆ ಅನುಕಂಪದಿಂದ ನೋಡಿದಳು.

ಆ ಕೋಣೆಯ ಹೊರಗಿನ ಬೆಂಚಿನಲ್ಲಿ ಬೇರೆ ಹುಡುಗಿಯರೂ ಕೂತಿದ್ದರು. ಒಬ್ಬಳು ತನ್ನ ಹಸಿವನ್ನು, ಅದೊಂದು ಗಿಣಿ, ಸ್ಕೂಲ್ ಬ್ಯಾಗಿನಲ್ಲಿ ಹಾಕಿ ಜಿಪ್ ಎಳೆದಿದ್ದಳು. ಇನ್ನೊಬ್ಬಳದು ಎಷ್ಟೋ ದಿನ ಬಾರದೆ ಇದ್ದು ಒಮ್ಮೆಲೇ ಹಿಂಡು ಕುರಿಯಾಗಿ ನುಗ್ಗುತ್ತದಂತೆ, ಆಮೇಲೆ ಅವಳು ಅತ್ತುಕೊಂಡು ಎಲ್ಲವನ್ನೂ ಓಡಿಸುತ್ತಾಳಂತೆ. ನಮ್ಮೂರಿನ ಇಷ್ಟು ಮನೆಗಳಲ್ಲಿ ಚಿಲಕ ಬಿದ್ದಿದೆ ಎನ್ನುವುದು ನನಗೆ ಆವತ್ತೇ ತಿಳಿದದ್ದು. ಎಲ್ಲರೂ ಪರಸ್ಪರ ಗುರುತಿಲ್ಲದವರಂತೆ ಗೋಡೆ ನೋಡುತ್ತಿದ್ದರು.

ಮುಬೀನಾ ಮೇಡಂ ಊಟದ ಮಾತನ್ನೇ ಎತ್ತಲಿಲ್ಲ. "ಕರು ಒಳಗೆ ಬಂದ್ರೆ ಏನಾಗುತ್ತೆ ಅಂತ ಭಯ, ಪ್ರಣತಿ?" ಎಂದು ಕೇಳಿದರು.

ಅವಳು ಉಗುರು ನೋಡಿಕೊಂಡೇ ಹೇಳಿದಳು, "ಅದು ನಿಲ್ಲಲ್ಲ ಮೇಡಂ. ಒಂದ್ಸಲ ಬಿಟ್ರೆ ಮನೇನೇ ತಿಂದ್ಹಾಕುತ್ತೆ, ನನ್ನನ್ನೂ ಅದರ ಥರಾನೇ ಮಾಡಿಬಿಡುತ್ತೆ. ಬೀದೀಲಿ ಹೆಂಗ್ ತಿನ್ನುತ್ತೆ ಅಂತ ನೀವು ನೋಡಿಲ್ಲ."

"ಬೀದೀಲಿ ಅದಕ್ಕೆ ಯಾರು ಹಾಕ್ತಾರೆ?" ಮೇಡಂ ನಮ್ಮ ಕಡೆ ತಿರುಗಿದರು. ಪುಟ್ಟರಾಜು ಫ್ಯಾನು ನೋಡಿದ, ನಾನು ಫ್ಯಾನಿನ ಸ್ವಿಚ್ಚು ನೋಡಿದೆ.

"ನೀವು ಒಳ್ಳೇ ಮನಸ್ಸಿಂದಾನೇ ಹಾಕಿದೀರ. ಆದ್ರೆ ಇವಳು ಉಣ್ಣದೆ ಅದಕ್ಕೆ ಹೆಂಗೆ ತುಂಬುತ್ತೆ? ತುಂಬದೇ ಇರೋದನ್ನ ನೋಡಿ ಇವಳಿಗೆ ಇನ್ನೂ ಭಯ." ಮತ್ತೆ ಪ್ರಣತಿಯನ್ನು ಕೇಳಿದರು, "ತಟ್ಟೆ ಮುಂದೆ ಕೂತಾಗ ಬೇಡ ಬೇಡ ಅಂತ ಹೇಳುತ್ತಲ್ಲ, ಅದು ಯಾರ ದನಿ?"

"ನಂದೇ."

"ಸರಿಯಾಗಿ ಕೇಳಿಸ್ಕೊ."

ಹುಡುಗಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಹುಬ್ಬು ಗಂಟಾಯಿತು. "ಬಾಯಲ್ಲಿ ಎಲೆಅಡಿಕೆ ಇದೆ" ಎಂದಳು. ಮದುವೆಮನೆಯ ಕತೆಯನ್ನು ನಾವು ಮೇಡಂಗೆ ಮೊದಲೇ ಹೇಳಿದ್ದೆವು.

"ಹಂಗಾದ್ರೆ ಚಿಲಕ ಹಾಕ್ಬೇಕಾಗಿರೋದು ಕರುಗಲ್ಲ, ಆ ತಾತನಿಗೆ" ಎಂದರು ಮೇಡಂ. ಪ್ರಣತಿಯ ತುಟಿ ಒಂದು ಕಡೆಗೆ ಜರುಗಿತು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು, ಅರ್ಧವೇ ಆದರೂ ನನ್ನ ಕಣ್ಣು ತುಂಬಿತು.

ಚಿಕಿತ್ಸೆ ಎಂದರೆ ಗುಳಿಗೆ ಎಂದುಕೊಂಡಿದ್ದ ಪುಟ್ಟರಾಜುವಿಗೆ ಮೇಡಂ ಹೇಳಿದ್ದು ಬೇರೆಯೇ. ಊಟವೇ ಔಷಧಿ. ಏನು, ಎಷ್ಟು ಎನ್ನುವುದನ್ನು ಸದ್ಯಕ್ಕೆ ಅಪ್ಪ ಅಮ್ಮ ತೀರ್ಮಾನಿಸಬೇಕು. ಹೊತ್ತಿಗೆ ಸರಿಯಾಗಿ ಎಲ್ಲರೂ ಅವಳ ಜೊತೆ ಕೂರಬೇಕು, ಮುಗಿಯುವ ತನಕ ಏಳಬಾರದು. ಗದರುವ ಹಾಗಿಲ್ಲ, ಹೊಗಳುವ ಹಾಗಿಲ್ಲ, ಮೈಯ ಬಗ್ಗೆ ಒಳ್ಳೆಯದನ್ನೂ ಆಡುವ ಹಾಗಿಲ್ಲ. "ಮತ್ತೇನ್ ಮಾತಾಡೋದು ಮೇಡಂ?" ಎಂದು ಅವನು ದಿಕ್ಕುಗೆಟ್ಟು ಕೇಳಿದ. "ಬೇರೆ ಏನಾದ್ರೂ" ಎಂದರು. ಅವನದು ಶಾಮಿಯಾನ ಬಾಡಿಗೆ ಕೊಡುವ ಅಂಗಡಿ. ಹಾಗಾಗಿ ಆವತ್ತಿನಿಂದ ನಮ್ಮ ಊಟದ ತುಂಬ ಶಾಮಿಯಾನವೇ. ಯಾವ ಗಾಳಿಗೆ ಯಾವ ಗೂಟ, ಯಾವ ಬೀಗರು ಎಷ್ಟು ಕುರ್ಚಿ ಮುರಿದರು, ಎಲ್ಲ ನಮಗೆ ಬಾಯಿಪಾಠವಾಯಿತು. ಪ್ರಣತಿ ಕಣ್ಣೀರು ಹಾಕುತ್ತಾ, ತಟ್ಟೆ ದೂಡುತ್ತಾ, ಮತ್ತೆ ಎಳೆದುಕೊಳ್ಳುತ್ತಾ ನುಂಗುತ್ತಿದ್ದಳು. ಹಸಿವು ಜೊತೆಗಿಲ್ಲದ ಊಟ ಅದು, ಅವಳಿಗೆ ಮರಳು ಅಗಿದ ಹಾಗೆ ಇದ್ದಿರಬೇಕು. ಬೆರಳು ಸ್ವಲ್ಪ ಬೆಚ್ಚಗಾದವು. ಕರು ಮಾತ್ರ ಬರಲಿಲ್ಲ.

ಮೇಡಂ ತಾವೇ ಬೀದಿ ಬೀದಿ ತಿರುಗಿ ಕರುವಿಗೆ ಏನೂ ಹಾಕಬೇಡಿ ಎಂದು ಹೇಳಿದ್ದರು. "ಹಸ್ಕೊಂಡು ಬಂದಿದ್ದನ್ನ ಹೆಂಗ್ ಅಟ್ಟೋದು ತಾಯಿ, ಪಾಪ ಸುತ್ಕೊಳ್ಳಲ್ವಾ?" ಎಂದು ಜವರಮ್ಮ ಜಗಳಕ್ಕೇ ನಿಂತಳು. ಕೊನೆಗೆ ಒಪ್ಪಿ, ಕರು ಬಂದಾಗ ಮೊರ ಮುಚ್ಚಿ ಸೆರಗಿನಲ್ಲಿ ಮುಖ ಮರೆಸಿಕೊಂಡು ಕೂತಳು. ಬೀದಿಯಲ್ಲಿ ಸಿಗದಿದ್ದರೆ ಕರು ಮನೆಗೆ ಬರುತ್ತದೆ ಎಂದು ಮೇಡಂ ಅಂದುಕೊಂಡಿದ್ದರು. ಅವರು ಹೊಟ್ಟೆಯೊಳಗಿನ ಹಸಿವಿನವರು, ಅವರಿಗೇನು ಗೊತ್ತು. ಕರು ಮನೆಯ ದಾರಿಯನ್ನೇ ಮರೆತಿತ್ತು. ಅದು ಊರಾಚೆಯ ಕಲ್ಲುಸೇತುವೆಯ ಕಡೆ ಮುಖ ಮಾಡಿತು.

ಸೇತುವೆ ದಾಟಿದ ಹಸಿವು ಹಿಂದಿರುಗಿದ್ದನ್ನು ನಮ್ಮೂರು ಕಂಡಿಲ್ಲ. ಆಮೇಲೆ ಆ ಮನೆಯಲ್ಲಿ ಏನಾಗುತ್ತದೆ ಎನ್ನುವುದನ್ನು ನಾವು ಮಕ್ಕಳೆದುರು ಮಾತಾಡುವುದಿಲ್ಲ. ಸುದ್ದಿ ಕೇಳಿ ಪುಟ್ಟರಾಜು ಶಾಮಿಯಾನದ ಹಗ್ಗವನ್ನೇ ತೆಗೆದುಕೊಂಡು ಓಡಿದ. ಒಬ್ಬರ ಹಸಿವನ್ನು ಇನ್ನೊಬ್ಬರು ಕಟ್ಟುವುದಕ್ಕಾಗುವುದಿಲ್ಲ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ತಂದೆಯಲ್ಲವೇ. ಕರು ಅವನನ್ನು ಸಂತೆಬೀದಿಯುದ್ದಕ್ಕೂ ದರದರ ಎಳೆದುಕೊಂಡು ಹೋಯಿತು. ಮೈಯೆಲ್ಲ ಟೊಮೆಟೊ ಮಾಡಿಕೊಂಡು, ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದು ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತ. ಕರು ಸೇತುವೆಯ ಈ ತುದಿಯಲ್ಲಿ ನಿಂತು ಆ ತುದಿಯನ್ನು ನೋಡುತ್ತಿತ್ತು.

ಆ ಮಧ್ಯಾಹ್ನ ಮುಬೀನಾ ಮೇಡಂ ಮನೆಗೇ ಬಂದರು. ತಾವು ಹೇಳಿದ್ದು ಅರ್ಧ ತಪ್ಪಾಯಿತೆಂದು ಒಪ್ಪಿಕೊಂಡರು. "ಆದ್ರೂ ಊಟದ ಹೊತ್ತು ತಪ್ಪಿಸೋದು ಬೇಡ, ಕೂರೋಣ" ಎಂದರು. ಎಲ್ಲರೂ ಕೂತೆವು. ಹೇಮಾವತಿ ಮುದ್ದೆ ಹಾಕಿ, ಬಸ್ಸಾರು ಬಿಟ್ಟು, ಎಂದಿನಂತೆ ಸೌಟು ಹಿಡಿದು ನಿಂತಳು. ಮೇಡಂ ಸುತ್ತಲೂ ನೋಡಿದರು.

"ನಿಮ್ಮ ತಟ್ಟೆ ಎಲ್ಲಿ ಹೇಮಾವತಿ ಅವರೇ?"

"ನಂದಾ? ನಂದು ಆಮೇಲೆ ಮೇಡಂ."

"ನಂದೂ ಅಮ್ಮನ ಥರ ಆಮೇಲೆ" ಎಂದಳು ಪ್ರಣತಿ ಪಟ್ಟನೆ. ಅವಳು ವಾದಕ್ಕೆ ಹೇಳಿದ್ದು. ಆದರೆ ಹೇಮಾವತಿಯ ಕೈಯ ಸೌಟು ಅಲ್ಲೇ ನಿಂತಿತು. ಇಷ್ಟು ದಿನ ಎಲ್ಲರೂ ಕೂತುಕೊಳ್ಳಿ ಎಂದಾಗ ಆ ಎಲ್ಲರಲ್ಲಿ ಅವಳನ್ನು ನಾವ್ಯಾರೂ ಸೇರಿಸಿಯೇ ಇರಲಿಲ್ಲ, ಅವಳೂ ಸೇರಿಸಿಕೊಂಡಿರಲಿಲ್ಲ.

"ಇದರಲ್ಲಿ ಯಾರ ತಪ್ಪೂ ಇಲ್ಲ" ಎಂದರು ಮೇಡಂ ಮೆಲ್ಲಗೆ. "ಇನ್ನೊಂದು ತಟ್ಟೆ ಹಾಕೋಣ, ಅಷ್ಟೇ."

ಹೇಮಾವತಿ ಅಡುಗೆಮನೆ ದಾಟಿ ಹಿತ್ತಲಿಗೆ ಹೋದಳು. ಬಾಗಿಲು ತೆಗೆದ ಸದ್ದಾಯಿತು. ಆಮೇಲೆ ಏನೋ ಉಜ್ಜಿದ ಸದ್ದು, ಗೋಡೆಯಿಂದ ಗಾರೆ ಉದುರಿದ ಸದ್ದು. ತಿರುಗಿ ಬಂದಾಗ ಅವಳ ಕಿವಿಯವರೆಗೂ ಕೆಂಪೇರಿತ್ತು.

"ರೀ, ಮುಂಬಾಗಿಲು ತೆಗೀರಿ. ಎರಡು ಕದಾನೂ."

"ಗುಬ್ಬಿಗೆ ಎರಡು ಕದ ಯಾಕೆ?" ಎಂದ ಪುಟ್ಟರಾಜು.

"ಗುಬ್ಬಿ ಅಲ್ಲ. ಹಿತ್ತಲ ಬಾಗಿಲಲ್ಲಿ ಹಿಡಿಸ್ತಿಲ್ಲ."

ಮನೆಯ ಪಕ್ಕದ ಓಣಿ ಸುತ್ತಿಕೊಂಡು ಬಂದದ್ದು ಒಂದು ಎಮ್ಮೆ. ಎಂಥ ಎಮ್ಮೆ! ಕೊಂಬು ಬಾಗಿಲುವಾಡಕ್ಕೆ ತಾಗಿತು. ಇಷ್ಟು ವರ್ಷ ನುಗ್ಗೆಮರದ ಹಿಂದೆ, ಕೆಮ್ಮಿದರೂ ಕೇಳಿಸದಂತೆ ಹೇಗೆ ನಿಂತಿತ್ತೋ, ದೇವರಿಗೇ ಗೊತ್ತು. ನಾಯಿ ಮಂಚದ ಕೆಳಗೆ ನುಗ್ಗಿತು. ನನ್ನ ಕೋಳಿ ಮಾತ್ರ ನೆಂಟರು ಬಂದರೆನ್ನುವಂತೆ ಅದರ ಬೆನ್ನೇರಿ ಕೂತಿತು. ಹೇಮಾವತಿ ತಟ್ಟೆ ಎಳೆದುಕೊಂಡು ಮಗಳ ಎದುರಿಗೇ ಕೂತಳು, ಎಮ್ಮೆ ಅವಳ ಕಾಲಬುಡದಲ್ಲಿ ಕೂತಿತು. ಮೊದಲ ತುತ್ತು ತಲೆ ತಗ್ಗಿಸಿ ನುಂಗಿದಳು. ಎರಡನೆಯದಕ್ಕೆ ಸಾರಿನ ರುಚಿ ಹತ್ತಿತು. ಆಮೇಲೆ ಅವಳು ಯಾರನ್ನೂ ನೋಡಲಿಲ್ಲ, ಬೆರಳು ನೆಕ್ಕಿಕೊಂಡು ಉಂಡಳು. "ರೀ, ಇನ್ನೊಂದು ಮುದ್ದೆ ಹಾಕಿ" ಎಂದಳು. ಊರಿನ ಅಷ್ಟೂ ಮದುವೆಗಳಿಗೆ ಚಪ್ಪರ ಹಾಕಿದ ನನ್ನ ತಮ್ಮ, ತನ್ನ ಮನೆಯಲ್ಲಿ ಮುದ್ದೆಯ ಪಾತ್ರೆ ಎಲ್ಲಿರುತ್ತದೆ ಎಂದು ಹುಡುಕಲು ಎದ್ದ.

ಪ್ರಣತಿ ಅಮ್ಮನ ಬಾಯನ್ನೇ ನೋಡುತ್ತಿದ್ದಳು. "ಅಮ್ಮ ಊಟ ಮಾಡೋದನ್ನ ನಾನು ಯಾವತ್ತೂ ನೋಡೇ ಇಲ್ಲ ಅತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆಗ ಎಮ್ಮೆ ಕತ್ತೆತ್ತಿ ಕೂಗಿತು. ಇಷ್ಟು ವರ್ಷದ್ದನ್ನೆಲ್ಲ ಸೇರಿಸಿ ಒಂದೇ ಸಲಕ್ಕೆ ಕೂಗಿದ ಹಾಗಿತ್ತು, ತಟ್ಟೆಗಳು ನಡುಗಿದವು. ನಮ್ಮ ಬೀದಿ ನೇರವಾಗಿ ಸೇತುವೆಗೇ ಇಳಿಯುತ್ತದೆ. ತೆರೆದ ಬಾಗಿಲಿನಿಂದ ಕತ್ತು ಹೊರಳಿಸಿ ನೋಡಿದರೆ ಬೀದಿಯ ಆ ಕೊನೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು. ಚುಕ್ಕೆಗೆ ಎರಡು ಕಿವಿ ನಿಗುರಿದವು. ಅದು ತಿರುಗಿತು. ಆಮೇಲೆ ಬಾಲ ಎತ್ತಿಕೊಂಡು, ಜವರಮ್ಮನ ಮೊರ ಹಾರಿಸಿ, ಬೀದಿಯುದ್ದಕ್ಕೂ ಓಡಿಬಂದು ಹೊಸ್ತಿಲಿನಲ್ಲಿ ಗಕ್ಕನೆ ನಿಂತಿತು. ಅಲ್ಲಿಂದ ಮುಂದೆ ಬರಲು ಅದಕ್ಕೂ ಭಯವಿತ್ತು.

ಪ್ರಣತಿ ಗೋಡೆಗೆ ಅಂಟಿಕೊಂಡಳು. "ಬೇಡ ಅಮ್ಮ. ಒಳಗೆ ಬಂದ್ರೆ ನಿಲ್ಲಲ್ಲ ಅದು."

"ನೋಡ್ತಾ ಇರು" ಎಂದಳು ಹೇಮಾವತಿ ತುಂಬಿದ ಬಾಯಲ್ಲಿ. ಕೊನೆಯ ತುತ್ತು ನುಂಗಿ ಕೈ ತಟ್ಟೆಯಲ್ಲಿಟ್ಟಳು. ಎಮ್ಮೆ ಒಂದು ನಿಟ್ಟುಸಿರು ಬಿಟ್ಟಿತು. ಎದ್ದಿತು. ಪಾತ್ರೆಯಲ್ಲಿ ಇನ್ನೂ ಮುದ್ದೆಗಳಿದ್ದವು, ಅವುಗಳತ್ತ ಕಣ್ಣೂ ಹಾಯಿಸಲಿಲ್ಲ. ಕರುವಿನ ಕಿವಿಯನ್ನು ಒಮ್ಮೆ ನೆಕ್ಕಿ, ಕೋಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕೆರೆಯ ಕಡೆ ನಡೆಯಿತು.

"ಹೋಗೇಬಿಡ್ತು" ಎಂದಳು ಪ್ರಣತಿ. ಪಾತ್ರೆಯನ್ನೂ ಬಾಗಿಲನ್ನೂ ಮತ್ತೆ ಮತ್ತೆ ನೋಡಿದಳು.

"ತುಂಬ್ತು, ಹೋಯ್ತು. ಇಷ್ಟೇ ಕಣೆ. ಇಷ್ಟು ವರ್ಷ ನಾನೂ ಅದಕ್ಕೆ ಸುಮ್ಮನೆ ಹೆದ್ರಿದ್ದೆ."

ಮೇಡಂ ನನ್ನ ತೊಡೆ ಜಿಗುಟಿ ಸುಮ್ಮನಿರಿಸಿದ್ದರು. ಹುಡುಗಿ ಗೋಡೆ ಬಿಟ್ಟು ಒಂದೊಂದೇ ಹೆಜ್ಜೆ ಇಟ್ಟು ಬಾಗಿಲಿಗೆ ಹೋದಳು. ಕರು ಮೂತಿ ಚಾಚಿತು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಮತ್ತೆ ಮುಂದೆ ಮಾಡಿದಳು. ಅದರ ಗೊರಸಿಗೆಲ್ಲ ಸಂತೆಯ ಕೆಸರು ಮೆತ್ತಿತ್ತು.

"ಕಾಲು ಒರೆಸ್ಕೊಂಡು ಬಾ" ಎಂದಳು ಕೊನೆಗೆ, ದೊಡ್ಡವರ ಥರ ಗದರಿಸಿ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಅವಳು ಮತ್ತೆ ಚಿಲಕ ಹಾಕಿದಳು, ಕರು ಹೊರಗೆ ನಿಂತು ಒದರಿತು, ಒಳಗೆ ತಟ್ಟೆ ಹಾರಿತು. ಅಂಥ ದಿನಗಳಲ್ಲಿ ಮೇಡಂ, "ದಾರಿ ಹಿಂಗೇ ಇರೋದು, ನಾಳೆ ಮತ್ತೆ ಕೂರೋಣ" ಎನ್ನುತ್ತಿದ್ದರು, ಪುಟ್ಟರಾಜು ಕಣ್ಣೊರೆಸಿಕೊಂಡು ಶಾಮಿಯಾನದ ಕತೆ ಶುರು ಮಾಡುತ್ತಿದ್ದ. ಮಹಡಿಯ ಕೋಣೆಯ ಮುಂದಿನ ಬೆಂಚಿನಲ್ಲಿ ಹುಡುಗಿಯರು ಈಗ ಗೋಡೆ ನೋಡುವುದಿಲ್ಲ, ಆ ಎಲೆಅಡಿಕೆ ತಾತನ ದನಿಯನ್ನು ಅಣಕಿಸುವುದರಲ್ಲಿ ಪ್ರಣತಿಯೇ ಮುಂದು. ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಮುಂಬಾಗಿಲುಗಳಲ್ಲಿ ನೂಕುನುಗ್ಗಲು. ಗುಬ್ಬಿ ಎಂದು ಹೇಳಿಕೊಂಡಿದ್ದ ಹೆಂಗಸರ ಮನೆಗಳಿಗೆ ಏನೇನು ನುಗ್ಗುತ್ತಿವೆ ಎಂದರೆ, ಜವರಮ್ಮನದಂತೂ ಕರಡಿ.

ಮೊನ್ನೆ ಪ್ರಣತಿ ಅಂಗಡಿಗೆ ಬಂದು ಆ ಲಂಗವನ್ನೇ ನನ್ನ ಮುಂದೆ ಎಸೆದಳು. "ಬಿಗಿ ಆಗ್ತಿದೆ. ಬಿಚ್ಚಿ ಕೊಡು" ಎಂದು ಬೇರೆ ಕಡೆ ನೋಡುತ್ತಾ ನಿಂತಳು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು, ಆದರೆ ಮೈಯ ಬಗ್ಗೆ ಮಾತಾಡುವ ಹಾಗಿಲ್ಲವಲ್ಲ. ಆ ನಿಯಮ ಪಾಲಿಸುವುದಕ್ಕೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡೆ. ಹಿಂದೆ ಹಿಡಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಸೊಂಟದ ಅಳತೆ ತೆಗೆಯೋಣವೆಂದು ಟೇಪಿಗೆ ಕೈ ಚಾಚಿದರೆ ಮೇಜಿನ ಮೇಲೆ ಟೇಪಿಲ್ಲ. ಬಾಗಿಲಲ್ಲಿ ಕರು ನಿಂತಿತ್ತು. ಅದರ ಬಾಯಿಂದ ಟೇಪಿನ ತುದಿಯಷ್ಟೇ ಹೊರಗೆ ಕಾಣುತ್ತಿತ್ತು, ನೋಡನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು.

"ಅಯ್ಯೋ, ನನ್ನ ಟೇಪು!" ಎಂದು ನಾನು ಎದ್ದೆ.

ಪ್ರಣತಿ ನನ್ನ ಕೈ ಹಿಡಿದು ಕೂರಿಸಿದಳು. ಅವಳ ಬೆರಳು ಬೆಚ್ಚಗಿದ್ದವು.

"ತಿನ್ಲಿ ಬಿಡು ಅತ್ತೆ" ಎಂದಳು. "ಸುಮ್ನೆ ಅಂದಾಜಲ್ಲಿ ಹೊಲಿ."